ಜುಲೈ 1ರಿಂದ ಜೂನ್ 30ರವರೆಗೆ: ನಮ್ಮ ಬಡಾವಣೆಯ ಸೇವಾ ಕ್ಲಬ್ಬನ್ನು ಹತ್ತಿರದಿಂದ ಕಂಡಂತೆ

ಬನಶಂಕರಿ ಎರಡನೇ ಹಂತದ ನಮ್ಮ ಬೀದಿಯ ಮೂಲೆಯಲ್ಲಿ ಹೂವು ಮಾರುವ ಅಮ್ಮನ ಕಣ್ಣಿಗೆ ಪೊರೆ ಬಂದಿರುವುದು ಮೊದಲು ತಿಳಿದದ್ದು ಅವರಿಗಲ್ಲ, ಹೂವು ಕೊಳ್ಳುವ ನಮಗೆ. ಕಾಕಡದ ನಡುವೆ ಸಮನಾಗಿ ಕೂರಬೇಕಾದ ಕನಕಾಂಬರ ಒಂದು ಕಡೆ ಗುಂಪುಗೂಡಿ, ಇನ್ನೊಂದು ಕಡೆ ದಾರವೇ ಕಾಣುವಷ್ಟು ವಿರಳವಾಗಿ ಬರತೊಡಗಿತ್ತು. ಹತ್ತರ ನೋಟನ್ನೂ ಐವತ್ತರ ನೋಟನ್ನೂ ಮುಖದ ಹತ್ತಿರ ಹಿಡಿದು ನೋಡುತ್ತಿದ್ದರು. ಹಾಗಾಗಿ ಕಳೆದ ವರ್ಷ ಜುಲೈನಲ್ಲಿ ಬಡಾವಣೆಯ ಸೇವಾ ಕ್ಲಬ್ಬಿನ ಉಚಿತ ನೇತ್ರ ತಪಾಸಣಾ ಶಿಬಿರದ ಬ್ಯಾನರ್ ಕಂಡಾಗ ನಾನೇ ಅವರನ್ನು ಆಟೊದಲ್ಲಿ ಕೂರಿಸಿಕೊಂಡು ಹೋದೆ. ಆ ಭಾನುವಾರ ಆರಂಭವಾದ ಒಡನಾಟ ವರ್ಷವಿಡೀ ಮುಂದುವರಿಯಿತು. ಅವರ ಶಿಬಿರಗಳಿಗೆ ಹೋದೆ, ಅವರ ಮಂಚವನ್ನು ಎರವಲು ತಂದೆ, ಅತಿಥಿಯಾಗಿ ಸಭೆಗಳಲ್ಲಿ ಕುಳಿತೆ, ವಾರ್ಷಿಕ ವರದಿಯನ್ನು ಕೇಳಿ ಪಡೆದು ಓದಿದೆ. ಬ್ಯಾಂಕಿನಲ್ಲಿ ಮೂರು ದಶಕ ಲೆಕ್ಕಪತ್ರ ನೋಡಿ ನಿವೃತ್ತಿಯಾದವಳಿಗೆ ಓದದೆ ಇರಲು ಸಾಧ್ಯವಿರಲಿಲ್ಲ. ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮೆಚ್ಚಿದ್ದರ ಜೊತೆಗೆ ಮೆಚ್ಚದ್ದನ್ನೂ ಹೇಳಲಿದ್ದೇನೆ, ಮತ್ತು ನಾನು ಹೇಳಲಿರುವುದು ನಗರದ ಇಂಥ ಹಲವು ಕ್ಲಬ್ಬುಗಳಿಗೆ ಒಪ್ಪುವ ಮಾತೆಂದು ನನ್ನ ಅಂದಾಜು.

ರೋಟರಿ, ಲಯನ್ಸ್ ಮೊದಲಾದ ಸೇವಾ ಕ್ಲಬ್ಬುಗಳ ತವರು ಅಮೆರಿಕದ ಷಿಕಾಗೊ. 1905ರಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಡನೆ ಆರಂಭಿಸಿದ ಕೂಟ ಸದಸ್ಯರ ಕಚೇರಿಗಳಲ್ಲಿ ಸರದಿಯ ಮೇಲೆ ಸೇರುತ್ತಿದ್ದುದರಿಂದ ರೋಟರಿ ಎನಿಸಿತು. 1917ರಲ್ಲಿ ಅದೇ ಊರಿನ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟಿದರು. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಅಧಿವೇಶನಕ್ಕೆ ಬಂದು ಅಂಧರ ಪರವಾಗಿ ಕೇಳಿಕೊಂಡ ಮೇಲೆ ಕಣ್ಣಿನ ಆರೈಕೆ ಆ ಸಂಸ್ಥೆಯ ಕುಲಕಸುಬೇ ಆಯಿತು. ಬೆಂಗಳೂರಿನಲ್ಲಿ ರೋಟರಿ 1934ರಿಂದ ಇದೆ. ಇಷ್ಟನ್ನು ಯಾವ ಕ್ಲಬ್ಬಿನ ಪದಗ್ರಹಣ ಸಮಾರಂಭದಲ್ಲಾದರೂ ಕೇಳಬಹುದು. ಅವರ ಸೇವೆಯನ್ನು ಪಡೆಯುವ ನಮ್ಮಂಥವರಿಗೆ ಬೇಕಾದ ಸಂಗತಿ ಬೇರೆಯೇ ಇದೆ. ಈ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಅಧ್ಯಕ್ಷರು ಸಾಮಾನ್ಯವಾಗಿ ಒಂದೇ ವರ್ಷದ ಮಟ್ಟಿಗೆ ಇರುತ್ತಾರೆ, ಹೊಸಬರು ಹೊಸ ಯೋಜನೆಯೊಂದಿಗೆ ಬರುತ್ತಾರೆ. ಈ ಕ್ಲಬ್ಬು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದೆಲ್ಲ ಕೊನೆಗೆ ಈ ಹನ್ನೆರಡು ತಿಂಗಳ ಲೆಕ್ಕಕ್ಕೇ ಬಂದು ನಿಲ್ಲುತ್ತದೆ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು.

ಮೊದಲು ನೇತ್ರ ಶಿಬಿರದ ವಿಷಯ. ಸರ್ಕಾರಿ ಶಾಲೆಯೊಂದರ ಮೂರು ಕೊಠಡಿಗಳಲ್ಲಿ ಅದು ನಡೆಯಿತು. ಮೊದಲನೆಯದರಲ್ಲಿ ಹೆಸರು ನೋಂದಣಿ ಮತ್ತು ಆಧಾರ್ ಪ್ರತಿ, ಎರಡನೆಯದರಲ್ಲಿ ಬಿಪಿ, ಸಕ್ಕರೆ ಪರೀಕ್ಷೆ, ಮೂರನೆಯದರಲ್ಲಿ ಅಕ್ಷರಪಟ ಮತ್ತು ವೈದ್ಯರು. ಓದು ಬಾರದವರಿಗಾಗಿ ಬೇರೆ ಬೇರೆ ದಿಕ್ಕಿಗೆ ತಿರುಗಿರುವ ಇಂಗ್ಲಿಷ್ 'ಇ' ಅಕ್ಷರದ ಪಟವಿತ್ತು. ಕಾಲು ಯಾವ ಕಡೆಗಿದೆಯೋ ಆ ಕಡೆಗೆ ಬೆರಳು ತೋರಿಸಿದರೆ ಸಾಕು. ಹೂವಿನಮ್ಮ ಮೇಲಿನ ದೊಡ್ಡ ಅಕ್ಷರಕ್ಕೇ ಸೋತರು. ಪೊರೆ ಬಲಿತಿದೆ, ಸಕ್ಕರೆ ಹತೋಟಿಯಲ್ಲಿದೆ ಎಂದು ಖಚಿತವಾದ ಮೇಲೆ ಶಸ್ತ್ರಚಿಕಿತ್ಸೆ ಆಗಬೇಕಾದ ಕಣ್ಣಿನ ಹುಬ್ಬಿನ ಮೇಲೆ ಸಣ್ಣ ಪ್ಲಾಸ್ಟರ್ ತುಂಡು ಅಂಟಿಸಿದರು. ಬಿಪಿ ಹೆಚ್ಚಿದ್ದವರನ್ನು ಮಾತ್ರೆ ಬರೆದುಕೊಟ್ಟು ಮುಂದಿನ ತಿಂಗಳು ಬನ್ನಿ ಎಂದು ಕಳುಹಿಸಿದರು. ಉಳಿದವರನ್ನು ಮಧ್ಯಾಹ್ನವೇ ಆಸ್ಪತ್ರೆಯ ವ್ಯಾನ್ ಕರೆದೊಯ್ದಿತು. ಇಂಥ ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ಹೊಲಿಗೆಯ ಅಗತ್ಯವಿಲ್ಲದ ಸಣ್ಣ ಸೀಳಿನ ಶಸ್ತ್ರಚಿಕಿತ್ಸೆ. ಖಾಸಗಿ ಆಸ್ಪತ್ರೆಗಳಲ್ಲಿ ದುಬಾರಿ ಯಂತ್ರದಿಂದ ಮಾಡುವ ಫೇಕೊಗೆ ಹೋಲಿಸಿದರೆ ಗಾಯ ಮಾಯಲು ಇದಕ್ಕೆ ಸ್ವಲ್ಪ ಹೆಚ್ಚು ದಿನ ಬೇಕು, ಆದರೆ ಪಳಗಿದ ಕೈಯಲ್ಲಿ ದೃಷ್ಟಿಯ ಫಲಿತಾಂಶಕ್ಕೇನೂ ಕೊರತೆಯಿಲ್ಲ. ಕಣ್ಣಿನೊಳಗೆ ಮಸೂರವನ್ನೂ ಕೂರಿಸುತ್ತಾರೆ.

ಉಚಿತವೆಂದರೆ ಯಾರೋ ಹಣ ಕೊಡುತ್ತಿದ್ದಾರೆಂದೇ ಅರ್ಥ ಎಂಬ ಬ್ಯಾಂಕಿನ ಬುದ್ಧಿ ನನ್ನನ್ನು ಬಿಡಲಿಲ್ಲವಾದ್ದರಿಂದ ವಿಚಾರಿಸಿದೆ. 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪ್ರತಿ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಸಹಾಯಧನವಿದೆ, ಉಳಿದದ್ದನ್ನು ಆಸ್ಪತ್ರೆಯ ಟ್ರಸ್ಟ್ ಭರಿಸುತ್ತದೆ. ಪ್ರಚಾರ, ಜಾಗ, ಊಟ, ಕಪ್ಪು ಕನ್ನಡಕ, ಸ್ವಯಂಸೇವಕರು ಕ್ಲಬ್ಬಿನ ಪಾಲು. ಬ್ಯಾನರಿನಲ್ಲಿ ಈ ಹಂಚಿಕೆ ಕಾಣುವುದಿಲ್ಲ, ಕಾಣಿಸಿದ್ದರೆ ಕ್ಲಬ್ಬಿಗೆ ಮರ್ಯಾದೆ ಹೆಚ್ಚುತ್ತಿತ್ತು.

ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಆಮೇಲಿನದು. ಮರುದಿನ, ಒಂದು ವಾರದ ನಂತರ, ಒಂದು ತಿಂಗಳ ನಂತರ ಹೀಗೆ ಮೂರು ಬಾರಿ ಮರುಪರೀಕ್ಷೆ ನಡೆಯಿತು, ಪ್ರತಿ ಬಾರಿಯೂ ಹಿಂದಿನ ದಿನ ಆಸ್ಪತ್ರೆಯಿಂದಲೇ ಕರೆ ಬಂತು. ದಿನಕ್ಕೆ ಆರು ಸಲ ಹಾಕಬೇಕಾದ ಹನಿಯನ್ನು ವಾರವಾರಕ್ಕೆ ಇಳಿಸುತ್ತ ಬರುವ ಕ್ರಮವನ್ನು ಗಡಿಯಾರದ ಚಿತ್ರ ಬರೆದಿದ್ದ ಚೀಟಿಯಲ್ಲಿ ತೋರಿಸಿದ್ದರು. ಓದಲು ಬಾರದ ಹೂವಿನಮ್ಮ ಅದನ್ನು ತಪ್ಪದೆ ಪಾಲಿಸಿದರು. ಕಣ್ಣು ತಿಳಿಯಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಕೆ.ಆರ್. ಮಾರುಕಟ್ಟೆಯ ಹೂವಿನ ವ್ಯಾಪಾರಿಯ ಜೊತೆ ಜಗಳ. "ಇಷ್ಟು ದಿನ ನಂಗೆ ನಿನ್ನೆ ಕನಕಾಂಬ್ರನೇ ಕಟ್ಟಿ ಕಳಿಸ್ತಿದ್ದ ಕಣಮ್ಮ, ಬಾಡಿರೋದು ಕಾಣ್ತಾನೇ ಇರ್ಲಿಲ್ಲ" ಎಂದು ನನ್ನ ಬಳಿ ಹೇಳಿಕೊಂಡರು. ಎರಡನೇ ಕಣ್ಣಿಗೆ ಡಿಸೆಂಬರಿನಲ್ಲಿ ಅದೇ ಶಿಬಿರಕ್ಕೆ ತಾವೇ ಹೋದರು, ನನ್ನನ್ನು ಕರೆಯಲೂ ಇಲ್ಲ.

ಈ ಶಿಬಿರದ ಬಗ್ಗೆ ದೂರು ಒಂದೇ. ಎಂಟು ಗಂಟೆಗೆ ಬನ್ನಿ ಎಂದು ವೃದ್ಧರನ್ನು ಕರೆಸಿ, ಮುಖ್ಯ ಅತಿಥಿ ಬಂದು ದೀಪ ಹಚ್ಚುವವರೆಗೆ ತಪಾಸಣೆ ಆರಂಭಿಸದೆ, ಒಂಬತ್ತೂಮುಕ್ಕಾಲರವರೆಗೆ ಕಬ್ಬಿಣದ ಕುರ್ಚಿಗಳಲ್ಲಿ ಕೂರಿಸಿದರು. ಸಕ್ಕರೆ ಕಾಯಿಲೆಯವರು ಎಷ್ಟೋ ಮಂದಿ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಖಾರಾಬಾತ್, ಕೇಸರಿಬಾತ್ ಅಲ್ಲೇ ಪಾತ್ರೆಯಲ್ಲಿದ್ದವು, ಉದ್ಘಾಟನೆ ಆಗಿರಲಿಲ್ಲ. ಡಿಸೆಂಬರಿನಲ್ಲಿ ಕೂಡ ಹೀಗೆಯೇ ಆಯಿತೆಂದು ಹೂವಿನಮ್ಮ ಹೇಳಿದರು, ಆದರೆ ಅವರು ಆ ಸಲ ಮನೆಯಿಂದ ಎರಡು ಇಡ್ಲಿ ಕಟ್ಟಿಕೊಂಡು ಹೋಗಿದ್ದರಂತೆ.

ಇದಕ್ಕೆ ನೇರ ವಿರುದ್ಧವಾದದ್ದು ಸಸಿ ನೆಡುವ ಕಾರ್ಯಕ್ರಮ. ವನಮಹೋತ್ಸವವನ್ನು ಜುಲೈ ಮೊದಲ ವಾರದಲ್ಲಿ ಆಚರಿಸುವ ಪರಿಪಾಠ 1950ರಿಂದ ದೇಶದಲ್ಲಿದೆ, ಅದು ಕ್ಲಬ್ಬಿನ ಹೊಸ ವರ್ಷದ ಮೊದಲ ವಾರವೂ ಹೌದು. ಹಾಗಾಗಿ ಅಧಿಕಾರ ವಹಿಸಿಕೊಂಡ ಪ್ರತಿ ಅಧ್ಯಕ್ಷರ ಮೊದಲ ಫೋಟೊ ಸಸಿಯ ಜೊತೆಗೇ ಇರುತ್ತದೆ. ನಮ್ಮ ಅಡ್ಡರಸ್ತೆಗಳಲ್ಲಿ ಹೊಂಗೆ, ನೇರಳೆ, ಮಹಾಗನಿ ಸೇರಿ ಮೂವತ್ತು ಸಸಿ ನೆಟ್ಟರು. ಹೊಂಗೆಯ ಆಯ್ಕೆ ಸರಿಯಾಗಿಯೇ ಇತ್ತು, ಬೆಂಗಳೂರಿನ ಬೇಸಗೆಗೆ ಅದರಷ್ಟು ತಂಪಿನ ನೆರಳು ಕೊಡುವ ಬೀದಿಮರ ಕಡಿಮೆ. ಆದರೆ ಮಹಾಗನಿಯನ್ನು ವಿದ್ಯುತ್ ತಂತಿಯ ನೇರ ಕೆಳಗೆ ನೆಟ್ಟರು, ಗುಂಡಿಯನ್ನು ಪಾದಚಾರಿ ಮಾರ್ಗದ ಕಲ್ಲಿನ ನಡುವೆ ಒಂದಡಿ ಅಗಲ ಮಾತ್ರ ತೆಗೆದರು, ಬೇಲಿಗೂಡು ಹಾಕಿದ್ದು ಮುಖ್ಯರಸ್ತೆಯ ಕಡೆಯ ಎಂಟಕ್ಕೆ ಮಾತ್ರ. ಆ ಗೂಡುಗಳ ಮೇಲೆ ದಾನಿಗಳ ಹೆಸರಿತ್ತು. ದೀಪಾವಳಿಯ ಹೊತ್ತಿಗೆ ಮಳೆ ನಿಂತಿತು, ನೀರು ಹಾಕುವುದು ಯಾರ ಕೆಲಸವೆಂದು ಯಾರೂ ಬರೆದಿಟ್ಟಿರಲಿಲ್ಲ. ಯುಗಾದಿಗೆ ನಾನು ಬೆಳಗಿನ ವಾಯುವಿಹಾರದಲ್ಲಿ ಎಣಿಸಿದಾಗ ಏಳು ಉಳಿದಿದ್ದವು. ಅದರಲ್ಲಿ ಅತ್ಯಂತ ಹುಲುಸಾಗಿದ್ದದ್ದು ಚಹದಂಗಡಿಯ ಮುಂದಿನ ಹೊಂಗೆ. ಅಂಗಡಿಯವನು ಲೋಟ ತೊಳೆದ ನೀರನ್ನು ದಿನಕ್ಕೆ ನಾಲ್ಕಾರು ಬಾರಿ ಅದರ ಬುಡಕ್ಕೇ ಚೆಲ್ಲುತ್ತಿದ್ದ. ಅವನಿಗೆ ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಈ ವರ್ಷದ ವಾರ್ಷಿಕ ವರದಿಯಲ್ಲಿ ಮೂವತ್ತು ಸಸಿ ನೆಟ್ಟದ್ದು ಇದೆ, ಏಳು ಉಳಿದದ್ದು ಇಲ್ಲ.

ರಕ್ತದಾನ ಶಿಬಿರಗಳು ಇವೆರಡರ ನಡುವೆ ನಿಲ್ಲುತ್ತವೆ. ನಡೆಸಿದ ರೀತಿಯಲ್ಲಿ ತಪ್ಪು ಹುಡುಕುವುದು ಕಷ್ಟ. ರಕ್ತಕೇಂದ್ರದವರು ವಯಸ್ಸು, ತೂಕ, ಹಿಮೋಗ್ಲೋಬಿನ್ ಎಲ್ಲವನ್ನೂ ನಿಯಮದಂತೆ ನೋಡಿದರು. 12.5 ಗ್ರಾಂ ಇರಬೇಕಾದಲ್ಲಿ ನನಗೆ 11.8 ಇದ್ದುದರಿಂದ, ಕ್ಲಬ್ಬಿನ ಕಾರ್ಯದರ್ಶಿಗಳು "ಮೇಡಂ ತುಂಬಾ ಆಸೆಯಿಂದ ಬಂದಿದ್ದಾರೆ" ಎಂದು ಶಿಫಾರಸು ಮಾಡಿದರೂ ತಂತ್ರಜ್ಞೆ ನಯವಾಗಿ ಹಿಂದಕ್ಕೆ ಕಳುಹಿಸಿದಳು, ಅದು ಸರಿಯೇ. ಹಣಕ್ಕಾಗಿ ರಕ್ತ ಕೊಡುವ ಪದ್ಧತಿ ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ನಿಷಿದ್ಧವಾದ ಮೇಲೆ ಸ್ವಯಂಪ್ರೇರಿತ ದಾನಿಗಳನ್ನು ಕಲೆಹಾಕುವ ಇಂಥ ಕ್ಲಬ್ಬುಗಳೇ ರಕ್ತಕೇಂದ್ರಗಳಿಗೆ ಆಧಾರ. ನನ್ನ ತಕರಾರು ಪಂಚಾಂಗದ ಮೇಲೆ. ವರ್ಷದ ಮೂರು ಶಿಬಿರಗಳನ್ನೂ ಅವರು ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಮತ್ತು ಗಣರಾಜ್ಯೋತ್ಸವದಂದೇ ಇಟ್ಟರು, ನಗರದ ಉಳಿದ ಸಂಘಸಂಸ್ಥೆಗಳೂ ಆ ದಿನಗಳನ್ನೇ ಹಿಡಿಯುತ್ತವೆ. ಪ್ಲೇಟ್‌ಲೆಟ್ ಐದು ದಿನ ಮಾತ್ರ ಬಾಳುತ್ತದೆ, ಕೆಂಪುಕಣಗಳು 35ರಿಂದ 42 ದಿನ. ಪುರುಷರು ಮತ್ತೆ ರಕ್ತ ಕೊಡಲು 90 ದಿನ, ಮಹಿಳೆಯರು 120 ದಿನ ಕಾಯಬೇಕು. ಹಬ್ಬದ ದಿನ ಎಲ್ಲರೂ ಒಟ್ಟಿಗೆ ಕೊಟ್ಟುಬಿಟ್ಟರೆ, ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ಮಳೆಗಾಲದ ಡೆಂಗಿ ದಿನಗಳಲ್ಲಿ ರೋಗಿಗಳ ಬಂಧುಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅಂಗಲಾಚುವುದು ತಪ್ಪುವುದಿಲ್ಲ. ಒಂದು ಶಿಬಿರವನ್ನಾದರೂ ಮೇ ತಿಂಗಳಿಗೆ ಸರಿಸಿ ಎಂದು ನಾನು ಬರೆದುಕೊಟ್ಟ ಚೀಟಿಗೆ "ಮೇನಲ್ಲಿ ಸದಸ್ಯರೆಲ್ಲ ಊರಿಗೆ ಹೋಗಿರ್ತಾರೆ" ಎಂಬ ಉತ್ತರ ಬಂತು. ಉತ್ತರ ಪ್ರಾಮಾಣಿಕವಾಗಿತ್ತು ಎಂಬುದನ್ನು ಒಪ್ಪಲೇಬೇಕು.

ಸರ್ಕಾರಿ ಶಾಲೆಗೆ ಕೊಟ್ಟ ಕುಡಿಯುವ ನೀರಿನ ಘಟಕದ ಕಥೆ ಹಿಂದಿನ ಅಧ್ಯಕ್ಷರ ಕಾಲದ್ದು. ಗ್ರಾನೈಟ್ ಫಲಕದಲ್ಲಿ ಕೊಡುಗೆದಾರರ ಹೆಸರು ಕೆತ್ತಿದೆ, ಕೆಳಗೆ ನಾಲ್ಕು ನಲ್ಲಿ, ಒಳಗೆ ಆರ್‌ಒ ಯಂತ್ರ. ಸಣ್ಣ ಆರ್‌ಒ ಯಂತ್ರಗಳಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಚರಂಡಿಗೆ ಹೋಗುವುದು ಸಾಮಾನ್ಯ. 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಒಂದರ ಹಿಂದೊಂದು ಬತ್ತಿ, ಜಲಮಂಡಳಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟುಗಳ ನಲ್ಲಿಗಳಿಗೆ ನೀರುಳಿತಾಯದ ಏರೇಟರ್ ಹಾಕಿಸಿ ಎಂದು ಆದೇಶಿಸಿದ್ದನ್ನು ಕಂಡ ಊರಿನಲ್ಲಿ ಇದನ್ನು ಯೋಚಿಸದೆ ಕೊಡಬಾರದಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಶಾಲೆಗೆ ಬರುವುದು ಕಾವೇರಿ ನೀರು. ಅದರಲ್ಲಿ ಲವಣಾಂಶ ಕಡಿಮೆ, ಸೋಸಿ ಕ್ರಿಮಿ ಕೊಲ್ಲುವ ಸಾಧಾರಣ ಫಿಲ್ಟರ್ ಸಾಕಾಗುತ್ತಿತ್ತು, ಅದರ ನಿರ್ವಹಣೆಯೂ ಅಗ್ಗ. ಆರ್‌ಒ ಪೊರೆ ಬದಲಿಸುವ ಖರ್ಚು ಯಾರದೆಂಬ ಪ್ರಶ್ನೆ ಎದ್ದಾಗ, ಕೊಟ್ಟ ಅಧ್ಯಕ್ಷರು ಮಾಜಿಯಾಗಿದ್ದರು, ಹಾಲಿ ಅಧ್ಯಕ್ಷರ ಬಜೆಟ್ ಡಿಜಿಟಲ್ ತರಗತಿಗೆ ಮೀಸಲಾಗಿತ್ತು, ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಹಣವಿರಲಿಲ್ಲ. ನಾನು ಹೋದ ದಿನ ನಾಲ್ಕು ನಲ್ಲಿಗಳಲ್ಲಿ ಒಂದರಲ್ಲಿ ಮಾತ್ರ ನೀರು ಬರುತ್ತಿತ್ತು, ಅದೂ ಯಂತ್ರವನ್ನು ಬಳಸದೆ ನೇರ ತೊಟ್ಟಿಯಿಂದ ಎಳೆದ ಪೈಪಿನದು. ಮುಖ್ಯೋಪಾಧ್ಯಾಯಿನಿ ಅದನ್ನು ತಮ್ಮ ಖರ್ಚಿನಲ್ಲಿ ಎಳೆಸಿದ್ದರು. ನೋಟ್‌ಪುಸ್ತಕ ವಿತರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರದಿಂದ ಬರುವುದರಿಂದ ನೋಟ್‌ಪುಸ್ತಕದ ಅಗತ್ಯ ನಿಜವೇ, ಆದರೆ ರಟ್ಟಿನ ಮೇಲೆ ಪದಾಧಿಕಾರಿಗಳ ಭಾವಚಿತ್ರ ಅಚ್ಚುಹಾಕಿಸುವ ಅಗತ್ಯ ನನಗೆ ತಿಳಿಯಲಿಲ್ಲ. ಮಕ್ಕಳು ಅವರಿಗೆ ಮೀಸೆ ಬರೆದಿದ್ದರು.

ಇನ್ನು ಈ ಕ್ಲಬ್ಬಿನ ಅತ್ಯುತ್ತಮ ಸೇವೆ. ಅದರ ಬ್ಯಾನರ್ ಎಲ್ಲಿಯೂ ಇಲ್ಲ. ಸದಸ್ಯರೊಬ್ಬರ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಲಿಕುರ್ಚಿ, ವಾಕರ್, ಆಮ್ಲಜನಕ ಸಾಂದ್ರಕ, ತಲೆ-ಕಾಲು ಎತ್ತರಿಸುವ ಆಸ್ಪತ್ರೆ ಮಂಚಗಳನ್ನು ಇಟ್ಟಿದ್ದಾರೆ. ಠೇವಣಿ ಕೊಟ್ಟು ಒಯ್ಯಬಹುದು, ತಂದುಕೊಟ್ಟಾಗ ಠೇವಣಿ ಪೂರ್ತಿ ವಾಪಸು, ಬಾಡಿಗೆ ಇಲ್ಲ. ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ನಾವು ಮಂಚ ತಂದೆವು. ಮೂರನೇ ದಿನ ತಲೆಯ ಭಾಗ ಎತ್ತುವ ಹಿಡಿಕೆ ತಿರುಗದೆ ನಿಂತಿತು. ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ, ಬೆಳಗ್ಗೆ ಬರುತ್ತಾರೆಂದುಕೊಂಡಿದ್ದ ಹುಡುಗ ಒಂಬತ್ತಕ್ಕೇ ಎಣ್ಣೆಯ ಡಬ್ಬಿ, ಸ್ಪ್ಯಾನರ್ ಹಿಡಿದು ಬಂದು, ಅತ್ತೆಯವರನ್ನು "ಅಜ್ಜಿ, ಸ್ವಲ್ಪ ಅಲುಗಾಡಬೇಡಿ" ಎಂದು ಕೇಳಿಕೊಂಡು, ಮಂಚದಡಿ ಮಲಗಿ ಸರಿಮಾಡಿಹೋದ. ಅಂಗಡಿಯ ಯಜಮಾನರು ಈ ಕೋಣೆಯನ್ನು ಒಂಬತ್ತು ಅಧ್ಯಕ್ಷರ ಕಾಲದಲ್ಲಿ ನೋಡಿಕೊಂಡು ಬಂದಿದ್ದಾರೆ, ತಾವು ಮಾತ್ರ ಅಧ್ಯಕ್ಷರಾಗಲು ಒಪ್ಪಿಲ್ಲವಂತೆ. ಗೀರು ಬಿದ್ದ ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ಯಾವ ಮಂಚ ಯಾರ ಮನೆಯಲ್ಲಿದೆ, ಯಾವಾಗ ಎಣ್ಣೆ ಹಾಕಿದ್ದು, ಯಾವ ಚಕ್ರ ಬದಲಿಸಿದ್ದು ಎಂಬುದೆಲ್ಲ ಅವರ ಕೈಬರಹದಲ್ಲೇ ಇದೆ. ಇಷ್ಟು ಚೊಕ್ಕ ರಿಜಿಸ್ಟರನ್ನು ನಾನು ನನ್ನ ಶಾಖೆಗಳಲ್ಲೂ ಹೆಚ್ಚು ಕಂಡಿಲ್ಲ.

ಸದಸ್ಯರಾಗಲು ಯೋಚಿಸುತ್ತಿರುವವರಿಗಾಗಿ ಸಭೆಯ ಬಗ್ಗೆಯೂ ಎರಡು ಮಾತು. ಘಂಟೆ ಬಾರಿಸಿ ಸಭೆ ಆರಂಭಿಸುತ್ತಾರೆ, ಹುಟ್ಟುಹಬ್ಬ, ವಿವಾಹ ವಾರ್ಷಿಕೋತ್ಸವಗಳಿಗೆ ಹೂಗುಚ್ಛ ಕೊಡುತ್ತಾರೆ, ಭಾಷಣ ಮುಗಿದ ಮೇಲೆ ಊಟವಿರುತ್ತದೆ. ಮಹಿಳೆಯರಿಗೆ ಲಯನ್ಸ್‌ನ ಬಾಗಿಲು 1987ರಲ್ಲಿ, ರೋಟರಿಯ ಬಾಗಿಲು ವಿಶ್ವಮಟ್ಟದಲ್ಲಿ 1989ರಲ್ಲಿ ತೆರೆಯಿತು. ಇಲ್ಲಿ ಮಹಿಳಾ ಸದಸ್ಯರು ಸಾಕಷ್ಟಿದ್ದಾರೆ, ಅವರ ಮಾತಿಗೆ ಬೆಲೆಯೂ ಇದೆ. ನನಗೆ ಇರುಸುಮುರುಸಾದದ್ದು ಭಾಷೆಯ ವಿಷಯದಲ್ಲಿ. ಊಟದ ಮೇಜಿನಲ್ಲಿ ಎಲ್ಲರೂ ಅಚ್ಚಕನ್ನಡದಲ್ಲಿ ಹರಟಿ, ಮೈಕಿನ ಮುಂದೆ ನಿಂತ ಕೂಡಲೇ ತಡವರಿಸುವ ಇಂಗ್ಲಿಷಿಗೆ ಹೊರಳುತ್ತಾರೆ. ನವೆಂಬರ್ ಮಾತ್ರ ಇದಕ್ಕೆ ಅಪವಾದ. ವಾರ್ಷಿಕ ವರದಿಯೂ ಇಂಗ್ಲಿಷಿನಲ್ಲೇ ಇದೆ, ಹಾಗಾಗಿ ಶಿಬಿರಕ್ಕೆ ಬಂದವರಾರೂ ಅದನ್ನು ಓದಲಾರರು. ಲೆಕ್ಕದ ಮಟ್ಟಿಗೆ ಹೇಳುವುದಾದರೆ, ಸದಸ್ಯರ ಚಂದಾದಿಂದ ನಡೆಯುವ ಆಡಳಿತದ ಖಾತೆಯನ್ನೂ ಸಾರ್ವಜನಿಕರಿಂದ ಬಂದ ದೇಣಿಗೆಯ ಸೇವಾ ಖಾತೆಯನ್ನೂ ಬೇರೆಬೇರೆಯಾಗಿ ಇಟ್ಟಿದ್ದಾರೆ, ಊಟದ ಬಿಲ್ಲು ಎಲ್ಲಿಯೂ ಸೇವೆಯ ಖಾತೆಗೆ ನುಸುಳಿಲ್ಲ. ಹುಡುಕಿದ್ದೇನೆ. ಸೇರುವ ಮುನ್ನ ಚಂದಾ, ಊಟದ ಪಾಲು, ಅಂತರರಾಷ್ಟ್ರೀಯ ಪ್ರತಿಷ್ಠಾನಕ್ಕೆ ಕೊಡಬೇಕೆಂಬ ನಿರೀಕ್ಷೆ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಒಂದು ಸಾವಿರ ಡಾಲರ್ ಕೊಟ್ಟವರಿಗೆ ಸಂಸ್ಥಾಪಕರ ಹೆಸರಿನ ಫೆಲೊ ಎಂಬ ಗೌರವ ರೋಟರಿಯಲ್ಲೂ ಲಯನ್ಸ್‌ನಲ್ಲೂ ಇದೆ, ಪದಕ ಧರಿಸಿದವರ ಸಾಲಿನಲ್ಲಿ ಬರಿಗೊರಳಲ್ಲಿ ಕೂರುವುದು ಎಲ್ಲರಿಗೂ ಸುಲಭವಲ್ಲ.

ಒಂದು ವರ್ಷದ ಅಧ್ಯಕ್ಷಗಿರಿಯೇ ಎಲ್ಲಕ್ಕೂ ಕಾರಣವೆಂದು ನಾನು ಒಂದು ಸಭೆಯಲ್ಲಿ ಹೇಳಿದಾಗ ಹಿರಿಯ ಸದಸ್ಯರೊಬ್ಬರು ಪೋಲಿಯೊದ ಉದಾಹರಣೆ ಕೊಟ್ಟರು. ಆ ಮಾತಿನಲ್ಲಿ ತೂಕವಿತ್ತು. ರೋಟರಿ ಪೋಲಿಯೊ ನಿರ್ಮೂಲನೆಯನ್ನು ಕೈಗೆತ್ತಿಕೊಂಡದ್ದು 1985ರಲ್ಲಿ. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಆಗ್ನೇಯ ಏಷ್ಯಾ ವಲಯದೊಂದಿಗೆ ನಮ್ಮ ದೇಶವೂ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿದ್ದು 2014ರ ಮಾರ್ಚ್ 27ರಂದು. ಅಷ್ಟರಲ್ಲಿ ಎಷ್ಟು ಅಧ್ಯಕ್ಷರು ಬಂದುಹೋದರೋ ಲೆಕ್ಕವಿಲ್ಲ, ಹನಿ ಹಾಕುವ ಭಾನುವಾರಗಳು ಮಾತ್ರ ತಪ್ಪಲಿಲ್ಲ. ನನ್ನ ಮಗನ ಎಡಗೈ ಕಿರುಬೆರಳಿಗೂ ಹಾಗೆ ಶಾಯಿ ಬಿದ್ದಿತ್ತು. ಆದರೆ ಅಲ್ಲಿ ಇನ್ನೊಂದು ತುದಿಯನ್ನು ಹಿಡಿದು ನಿಂತಿದ್ದುದು ಸರ್ಕಾರದ ಆರೋಗ್ಯ ಇಲಾಖೆ, ನೇತ್ರ ಶಿಬಿರದಲ್ಲಿ ಆಸ್ಪತ್ರೆ ಹಿಡಿದಿರುವಂತೆ, ರಕ್ತದಾನದಲ್ಲಿ ರಕ್ತಕೇಂದ್ರ ಹಿಡಿದಿರುವಂತೆ. ಸಸಿಗೂ ನಲ್ಲಿಗೂ ಅಂಥ ಇನ್ನೊಂದು ಕೈ ಇರಲಿಲ್ಲ ಎಂದೆ. ಅವರು ಒಪ್ಪಿದರೋ ಇಲ್ಲವೋ, ಆ ಹೊತ್ತಿಗೆ ಊಟಕ್ಕೆ ಕರೆದರು.

ಹಾಗಾಗಿ ನನ್ನ ಶಿಫಾರಸು ಹೀಗಿದೆ. ಮನೆಯ ಹಿರಿಯರಿಗೆ ಕಣ್ಣಿನ ಪೊರೆ ಇದ್ದರೆ ಹಿಂಜರಿಯದೆ ಇಂಥ ಶಿಬಿರಕ್ಕೆ ಕರೆದೊಯ್ಯಿರಿ, ಆಸ್ಪತ್ರೆ ಯಾವುದೆಂದೂ ಮರುಪರೀಕ್ಷೆ ಎಲ್ಲಿ ನಡೆಯುತ್ತದೆಂದೂ ನೋಂದಣಿಯ ಮೇಜಿನಲ್ಲೇ ಕೇಳಿರಿ, ತಿಂಡಿಯ ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಮಂಚ, ಗಾಲಿಕುರ್ಚಿ ಬೇಕಾದರೆ ಕೊಳ್ಳುವ ಮೊದಲು ಹತ್ತಿರದ ಸೇವಾ ಕ್ಲಬ್ಬಿನವರನ್ನು ವಿಚಾರಿಸಿರಿ. ದೇಣಿಗೆ ಕೊಡುವವರು ಹೊಸ ಉಪಕರಣಕ್ಕಿಂತ ಹಳೆಯದರ ದುರಸ್ತಿಗೆಂದು ನಮೂದಿಸಿ ಕೊಡಬಹುದು. ನಾನು ಹಾಗೆ ನಮೂದಿಸಿ ಕೊಟ್ಟಾಗ ಖಜಾಂಚಿಯವರು ಅಂಥ ಶೀರ್ಷಿಕೆಯೇ ಇಲ್ಲವೆಂದು ತಲೆ ಕೆರೆದುಕೊಂಡು, ಕೊನೆಗೆ ರಶೀದಿಯ ಹಿಂಬದಿಯಲ್ಲಿ ಬರೆದುಕೊಟ್ಟರು.

ಅತ್ತೆಯವರು ಕೋಲು ಹಿಡಿದು ನಡೆಯುವಂತಾದ ಮೇಲೆ, ಜೂನ್ ಕೊನೆಯ ವಾರ ಮಂಚವನ್ನು ಹಿಂದಿರುಗಿಸಲು ಹೋದೆವು. ಕ್ಲಬ್ಬಿನ ಮುಂದಿನ ಅಧ್ಯಕ್ಷರ ಪದಗ್ರಹಣದ ಬ್ಯಾನರನ್ನು ಅಂಗಡಿಯ ಮುಂದೆ ಕಟ್ಟುತ್ತಿದ್ದರು. ಯಜಮಾನರು ಅದರ ಕಡೆ ನೋಡದೆ, ಮಂಚದ ಹಿಡಿಕೆಯನ್ನು ಎರಡು ಸಲ ತಿರುಗಿಸಿ, ನಾಲ್ಕೂ ಚಕ್ರಗಳನ್ನು ಕಾಲಿನಿಂದ ತಳ್ಳಿ ನೋಡಿ, ಹಸಿರು ರಿಜಿಸ್ಟರಿನಲ್ಲಿ ನಮ್ಮ ಹೆಸರಿನ ಮುಂದೆ ಗೆರೆ ಎಳೆದು, ಠೇವಣಿಯ ನೋಟುಗಳನ್ನು ಎಣಿಸಿ ಕೊಟ್ಟರು. ಕತ್ರಿಗುಪ್ಪೆಯ ಕಡೆಯಿಂದ ಬಂದಿದ್ದ ಇನ್ನೊಂದು ಮನೆಯವರು ಟೆಂಪೊ ನಿಲ್ಲಿಸಿಕೊಂಡು ಅದೇ ಮಂಚಕ್ಕಾಗಿ ಹೊರಗೆ ಕಾಯುತ್ತಿದ್ದರು. ನಾವು ನಾಲ್ವರೂ ಸೇರಿ ಅದನ್ನು ಹತ್ತಿಸಿದೆವು.